ಒಬ್ಬರ ಬಂಡವಾಳ, ಮನೆಮಂದಿಯ ಗ್ರೀನ್ ಕಾರ್ಡು

ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಅಮೆರಿಕದಿಂದ ಫೋನು ಬಂತೆಂದು ಇಟ್ಟುಕೊಳ್ಳಿ. ಡಲ್ಲಾಸಿನಲ್ಲಿ ಎಂಜಿನಿಯರಾಗಿರುವ ಮಗ. ಕ್ಷೇಮ ಸಮಾಚಾರವೆಲ್ಲ ಆದ ಮೇಲೆ ಕೊಂಚ ಹೊತ್ತು ಸುಮ್ಮನಿದ್ದು, "ಅಪ್ಪಾ, ರಿಂಗ್ ರೋಡಿನ ಪಕ್ಕದ ಆ ಎರಡು ಸೈಟು ಮಾರಿದರೆ ಎಷ್ಟು ಬಂದೀತು?" ಎಂದು ಕೇಳುತ್ತಾನೆ. ನಿಮಗೆ ಗಾಬರಿ. ಅವನು ಸಾವಕಾಶವಾಗಿ ವಿಷಯ ಬಿಡಿಸಿ ಹೇಳುತ್ತಾನೆ. ಆ ದೇಶಕ್ಕೆ ಹೋಗಿ ಹದಿನೈದು ವರ್ಷವಾಯಿತು. ಎಚ್-1ಬಿ ಎಂಬ ಉದ್ಯೋಗದ ಪರವಾನಗಿಯನ್ನು ಅವಧಿ ಮುಗಿದಾಗಲೆಲ್ಲ ಮುಂದುವರಿಸಿಕೊಂಡು ಬಂದಿದ್ದಾನೆ. ಕಂಪನಿಯವರು ಖಾಯಂ ವಾಸಕ್ಕೆ, ಅಂದರೆ ಗ್ರೀನ್ ಕಾರ್ಡಿಗೆ, 2016ರಲ್ಲೇ ಅರ್ಜಿ ಹಾಕಿದ್ದಾರೆ. ಆದರೆ ಅವನ ವರ್ಗದಲ್ಲಿ ಭಾರತದಲ್ಲಿ ಹುಟ್ಟಿದವರ ಸರದಿ 2025ರಲ್ಲಿಯೂ 2012–13ರ ಅರ್ಜಿಗಳನ್ನು ದಾಟಿರಲಿಲ್ಲ. ಇಷ್ಟರಲ್ಲಿ ಐದು ವರ್ಷದ ಕೂಸಾಗಿ ಹೋದ ನಿಮ್ಮ ಮೊಮ್ಮಗಳಿಗೆ ಇಪ್ಪತ್ತು ತುಂಬಿದೆ. ಇಪ್ಪತ್ತೊಂದಾದ ದಿನ, ತಂದೆಯ ಆಶ್ರಯದಲ್ಲಿ ಸಿಕ್ಕಿರುವ ಅವಳ ಎಚ್-4 ಪರವಾನಗಿ ಮುಗಿಯುತ್ತದೆ. ಯಾರೋ ಹೇಳಿದರಂತೆ: ಎಂಟು ಲಕ್ಷ ಡಾಲರು ಬಂಡವಾಳ ಹೂಡಿದರೆ ಮನೆಯ ನಾಲ್ವರಿಗೂ ಕಾರ್ಡು ಸಿಗುತ್ತದೆ, ಊರಿಗೆ ಬಂದು ಕಾಯಬೇಕಾಗಿಯೂ ಇಲ್ಲ.

ಎಂಟು ಲಕ್ಷ ಡಾಲರೆಂದರೆ ಏಳು ಕೋಟಿ ರೂಪಾಯಿಯ ಆಸುಪಾಸು. ಅದರಲ್ಲಿ ದೊಡ್ಡ ಪಾಲಿಗೆ ರುಜು ಹಾಕಬೇಕಾದವರು ನೀವು. ಹಾಗಾಗಿ ಈ ವ್ಯವಹಾರದ ಒಳಹೊರಗನ್ನು ನೀವೂ ತಿಳಿದಿರುವುದು ಒಳ್ಳೆಯದು. ಮಗ ಕೇಳಿದ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಹಣ ಹೂಡುವವನು ಒಬ್ಬನಾದರೂ ಅರ್ಜಿಗಳು ತಲೆಗೊಂದರಂತೆ ನಾಲ್ಕು. ಒಂದೊಂದು ಅರ್ಜಿಗೂ ಅದರದೇ ತಾರೀಖು, ಅದರದೇ ಗಂಡಾಂತರ.

ಮೊದಲು ಹೆಸರಿನ ಗೊಂದಲ ನಿವಾರಿಸಿಕೊಳ್ಳೋಣ. ಹೂಡಿಕೆದಾರರ ವೀಸಾ ಎಂಬ ಮಾತನ್ನು ಅಮೆರಿಕದಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೆ ಬಳಸುತ್ತಾರೆ. ಇ-2 ಎಂಬುದು ಒಪ್ಪಂದವಿರುವ ದೇಶಗಳ ವ್ಯಾಪಾರಿಗಳಿಗೆ ಕೊಡುವ ತಾತ್ಕಾಲಿಕ ರಹದಾರಿ. ಭಾರತಕ್ಕೆ ಅಂಥ ಒಪ್ಪಂದವಿಲ್ಲ, ಆದ್ದರಿಂದ ಭಾರತೀಯ ಪೌರರಿಗೆ ಅದು ಸಿಗದು. ನಾವು ಮಾತಾಡುತ್ತಿರುವುದು ಇಬಿ-5 ಎಂಬುದರ ವಿಷಯ. 1990ರ ವಲಸೆ ಕಾನೂನಿನಲ್ಲಿ ಇದು ಹುಟ್ಟಿತು. 2025ರಲ್ಲಿ ಸುದ್ದಿಯಾದ ಗೋಲ್ಡ್ ಕಾರ್ಡು ಇದಲ್ಲ; ಅಲ್ಲಿ ಕೊಡುವ ಹಣ ಸರ್ಕಾರಕ್ಕೆ ಕಾಣಿಕೆ, ತಿರುಗಿ ಬರುವ ಮಾತೇ ಇಲ್ಲ. ಇಬಿ-5ರಲ್ಲಿ ಕೊಡುವುದು ಬಂಡವಾಳ. ಬಂದರೆ ಬರುತ್ತದೆ, ಹೋದರೆ ಹೋಗುತ್ತದೆ. ಹೋಗುವ ಸಂಭವವಿಲ್ಲದ ಹಣವನ್ನು ಕಾನೂನು ಬಂಡವಾಳವೆಂದು ಒಪ್ಪುವುದೇ ಇಲ್ಲ. "ನಿಮ್ಮ ಅಸಲಿಗೆ ನಾವು ಖಾತರಿ" ಎಂದು ಯಾರಾದರೂ ಬರೆದುಕೊಟ್ಟರೆ, ಆ ಕಾಗದವೇ ಅರ್ಜಿಯನ್ನು ಕೆಡಿಸಬಲ್ಲದು.

2022ರ ಮಾರ್ಚ್ 15ರಂದು ಅಧ್ಯಕ್ಷರ ಸಹಿ ಬಿದ್ದ ಸುಧಾರಣಾ ಕಾನೂನಿನಂತೆ ಹೂಡಬೇಕಾದ ಮೊತ್ತ 10 ಲಕ್ಷ 50 ಸಾವಿರ ಡಾಲರು. ಹಳ್ಳಿಗಾಡಿನಲ್ಲಿ, ಇಲ್ಲವೆ ನಿರುದ್ಯೋಗ ಹೆಚ್ಚಿರುವ ಕಡೆ, ಇಲ್ಲವೆ ಸರ್ಕಾರಿ ರಸ್ತೆ ಸೇತುವೆಗಳಂಥ ಕಾಮಗಾರಿಯಲ್ಲಿ ಹೂಡಿದರೆ 8 ಲಕ್ಷ. 2027ರ ಜನವರಿ 1ರಿಂದ ಮೊದಲುಗೊಂಡು ಐದೈದು ವರ್ಷಕ್ಕೊಮ್ಮೆ ಬೆಲೆಯೇರಿಕೆಗೆ ತಕ್ಕಂತೆ ಇದನ್ನು ಸರಿಪಡಿಸಬೇಕೆಂದೂ ಅದೇ ಕಾನೂನು ಹೇಳುತ್ತದೆ. ಆ ಹಣದಿಂದ ಕನಿಷ್ಠ ಹತ್ತು ಮಂದಿಗೆ ಪೂರ್ಣಾವಧಿಯ ಕೆಲಸ ಸಿಗಬೇಕು. ಹೂಡಿದವನ ಹೆಂಡತಿ ಮಕ್ಕಳನ್ನು ಆ ಹತ್ತರೊಳಗೆ ಎಣಿಸುವಂತಿಲ್ಲ. ಸ್ವಂತ ಉದ್ಯಮ ನಡೆಸುವ ತಾಪತ್ರಯ ಬೇಡವೆನ್ನುವವರು ಪ್ರಾದೇಶಿಕ ಕೇಂದ್ರಗಳೆಂಬ ಸಂಸ್ಥೆಗಳ ಮೂಲಕ, ಹಲವರು ಸೇರಿ ಕಟ್ಟುವ ಹೋಟೆಲು, ವಸತಿಗೃಹ, ಕಾರ್ಖಾನೆಗಳಲ್ಲಿ ಹಣ ತೊಡಗಿಸುತ್ತಾರೆ. ಸಂಬಳದ ಕೆಲಸದಲ್ಲಿರುವ ನಿಮ್ಮ ಮಗನಂಥವರು ಹೋಗುವುದು ಹೆಚ್ಚಾಗಿ ಇದೇ ದಾರಿಯಲ್ಲಿ.

ಇನ್ನು ಸರದಿಯ ವಿಷಯ. ಇಡೀ ಪ್ರಪಂಚಕ್ಕೆ ವರ್ಷಕ್ಕೆ ಸುಮಾರು 10,000 ಇಬಿ-5 ವೀಸಾ. ಹೂಡಿಕೆದಾರನ ಹೆಂಡತಿಗೂ ಮಕ್ಕಳಿಗೂ ಕೊಡುವುದು ಇದೇ ಎಣಿಕೆಯಿಂದ. ಎಂದರೆ ನಿಮ್ಮ ಮಗನ ಮನೆಯೊಂದೇ ನಾಲ್ಕನ್ನು ತಿನ್ನುತ್ತದೆ. ಒಂದು ದೇಶದವರಿಗೆ ನೂರಕ್ಕೆ ಏಳರ ಮಿತಿ ಬೇರೆ. ಹೀಗಾಗಿ ಸಾಧಾರಣ ಇಬಿ-5 ಸಾಲಿನಲ್ಲಿ ಭಾರತೀಯರು ವರ್ಷಗಟ್ಟಲೆ ಕಾಯುವಂತಾಗಿದೆ. ಆದರೆ 2022ರ ಕಾನೂನು ಒಂದು ಪಕ್ಕದ ಬಾಗಿಲು ತೆರೆಯಿತು: ನೂರಕ್ಕೆ ಇಪ್ಪತ್ತು ಹಳ್ಳಿಗಾಡಿಗೆ, ಹತ್ತು ನಿರುದ್ಯೋಗ ಪ್ರದೇಶಕ್ಕೆ, ಎರಡು ಸರ್ಕಾರಿ ಕಾಮಗಾರಿಗೆ ಮೀಸಲು. ಈ ಮೀಸಲು ಸಾಲುಗಳು 2025ರ ಕೊನೆಯವರೆಗೂ ಭಾರತೀಯರಿಗೆ ಕಾಯುವಿಕೆಯಿಲ್ಲದೆ ತೆರೆದಿದ್ದವು. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಎಂಬ ತಖ್ತೆಯನ್ನು ಹೊರಡಿಸುತ್ತದೆ. ಅರ್ಜಿ ಹಾಕುವ ತಿಂಗಳಿನ ತಖ್ತೆಯನ್ನು ನೋಡದೆ ಒಂದು ಕಾಸನ್ನೂ ಕಳಿಸಬೇಡಿ.

ನಡುವೆ ಒಂದು ಮಾತು. ಸೊಸೆ ಹುಟ್ಟಿದ್ದು ಎಲ್ಲಿ? ಪ್ರಶ್ನೆ ವಿಚಿತ್ರವೆನಿಸಬಹುದು. ಸರದಿಯ ಲೆಕ್ಕ ನಡೆಯುವುದು ಪೌರತ್ವದ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ಗಂಡ ಹೆಂಡಿರಲ್ಲಿ ಯಾರ ಹುಟ್ಟೂರು ಅನುಕೂಲವೋ ಅದನ್ನೇ ಇಬ್ಬರಿಗೂ ಹಿಡಿಯಲು ಅವಕಾಶವಿದೆ. ಉಡುಪಿ ಮಂಗಳೂರಿನ ಕಡೆಯ ಎಷ್ಟೋ ಹೆಣ್ಣುಮಕ್ಕಳು ತಂದೆಯ ನೌಕರಿಯ ಕಾಲದಲ್ಲಿ ಮಸ್ಕತ್ತಿನಲ್ಲೋ ಕುವೈತಿನಲ್ಲೋ ಹುಟ್ಟಿದವರು. ನಿಮ್ಮ ಸೊಸೆ ಅಂಥವಳಾದರೆ, ಕಂಪನಿ 2016ರಲ್ಲಿ ಹಾಕಿದ ಅರ್ಜಿಯೇ ಭಾರತದ ಉದ್ದನೆಯ ಸಾಲನ್ನು ಬಿಟ್ಟು ಬಹಳ ಚಿಕ್ಕ ಸಾಲಿಗೆ ಸೇರೀತು. ಸೈಟು ಮಾರುವ ಅಗತ್ಯವೇ ಬೀಳದೆ ಹೋದೀತು. ಬಂಡವಾಳದ ಮಾತು ಎತ್ತುವ ಮುಂಚೆ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಮಕ್ಕಳ ಹುಟ್ಟೂರು ಮಾತ್ರ ತಂದೆತಾಯಿಗಳಿಗೆ ಬರುವುದಿಲ್ಲ. ಹಾಗೆಯೇ 2016ರ ಆ ಹಳೆಯ ಸರದಿಯನ್ನು ಇಬಿ-5ಕ್ಕೆ ತಂದು ಅಂಟಿಸುವಂತೆಯೂ ಇಲ್ಲ. ಇಲ್ಲಿ ಹೊಸ ಸರದಿಯೇ. ಆದರೆ ಹೊಸದು ಹಾಕಿದರೆಂದು ಹಳೆಯದು ಸಾಯುವುದಿಲ್ಲ.

ಈಗ "ಊರಿಗೆ ಬಂದು ಕಾಯಬೇಕಾಗಿಲ್ಲ" ಎಂಬ ಮಾತಿಗೆ ಬರೋಣ. ಖಾಯಂ ವಾಸದ ಹಕ್ಕನ್ನು ಪಡೆಯಲು ಎರಡು ದಾರಿ. ಹೊರಗಿರುವವರು ತಮ್ಮ ದೇಶದ ಕಾನ್ಸುಲೇಟಿನಲ್ಲಿ ಸಂದರ್ಶನ ಮುಗಿಸಿ ವಲಸೆ ವೀಸಾ ತೆಗೆದುಕೊಂಡು ಹೋಗುತ್ತಾರೆ. ನಮ್ಮವರಿಗೆ ಇದು ಮುಂಬಯಿಯಲ್ಲಿ. ಆಗಲೇ ಅಮೆರಿಕದಲ್ಲಿ ಕ್ರಮಬದ್ಧವಾಗಿ ಇರುವವರು ಅಲ್ಲಿಯೇ ಕುಳಿತು ತಾತ್ಕಾಲಿಕ ಸ್ಥಿತಿಯನ್ನು ಖಾಯಂ ಸ್ಥಿತಿಗೆ ಬದಲಾಯಿಸಿಕೊಳ್ಳಬಹುದು. ಇದಕ್ಕೆ ಅಡ್ಜಸ್ಟ್‌ಮೆಂಟ್ ಆಫ್ ಸ್ಟೇಟಸ್ ಎಂದು ಹೆಸರು. ನಾವು ಸ್ಥಿತಿ ಪರಿವರ್ತನೆ ಎನ್ನೋಣ. ಈ ಸೌಕರ್ಯ ಮೊದಲಿಂದ ಇದ್ದುದಲ್ಲ. 1952ರ ಕಾನೂನು ಬರುವವರೆಗೆ ಅಲ್ಲಿದ್ದವರೂ ದೇಶದ ಹೊರಗೆ ಹೋಗಿ ವೀಸಾ ತರಬೇಕಾಗಿತ್ತು. ಗಡಿ ದಾಟಿ ಕೆನಡಾಕ್ಕೆ ಹೋಗಿ ಅಲ್ಲಿನ ಕಾನ್ಸುಲೇಟಿನಿಂದ ತಂದುಕೊಳ್ಳುವ ಒಂದು ಏರ್ಪಾಟೇ ಇತ್ತು. ಆ ಕಾಲದಲ್ಲಿ ಭಾರತಕ್ಕೆಲ್ಲ ಸೇರಿ ವರ್ಷಕ್ಕೆ ನೂರು ಮಂದಿಯ ಕೋಟಾ. ಅದೂ ದೊರೆತದ್ದು 1946ರಲ್ಲಿ.

2022ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಿಂದೆ ಹೂಡಿಕೆದಾರ ತನ್ನ ಮೂಲ ಅರ್ಜಿಯನ್ನು ಹಾಕಿ, ಅದು ಮಂಜೂರಾದ ಮೇಲೆ ಸ್ಥಿತಿ ಪರಿವರ್ತನೆಗೆ ಬೇರೆ ಅರ್ಜಿ ಹಾಕಬೇಕಾಗಿತ್ತು. ಈಗ ವೀಸಾ ಸಂಖ್ಯೆ ಲಭ್ಯವಿದ್ದರೆ ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸಬಹುದು. ಮೂಲ ಅರ್ಜಿಯ ನಮೂನೆಗೆ ಐ-526ಇ ಎಂದು ಹೆಸರು. ಅದು ಮನೆಗೆಲ್ಲ ಒಂದೇ. ಸ್ಥಿತಿ ಪರಿವರ್ತನೆಯ ನಮೂನೆ ಐ-485. ಅದು ಯಜಮಾನನಿಗೊಂದು, ಹೆಂಡತಿಗೊಂದು, ಮಕ್ಕಳಿಗೊಂದೊಂದು. ಇವುಗಳ ಜೊತೆಗೆ ಕೆಲಸಕ್ಕೆ ಮತ್ತು ಪ್ರಯಾಣಕ್ಕೆ ಅನುಮತಿ ಬೇಡುವ ಇನ್ನೆರಡು ನಮೂನೆಗಳನ್ನೂ ಸೇರಿಸುವುದು ವಾಡಿಕೆ. ಕೆಲಸದ ಅನುಮತಿ ಬಂದರೆ ಸೊಸೆ ನೌಕರಿ ಹಿಡಿಯಬಹುದು, ಮೊಮ್ಮಗಳು ಓದಿನ ನಡುವೆ ಬೇಸಗೆ ಕೆಲಸಕ್ಕೆ ಹೋಗಬಹುದು. ಮೂಲ ಅರ್ಜಿ ಇನ್ನೂ ಪರಿಶೀಲನೆಯಲ್ಲಿರುವಾಗಲೇ ಇಷ್ಟು ಅನುಕೂಲ. ಕಾದು ಬಳಲಿದವರಿಗೆ ಇದು ದೊಡ್ಡ ಆಕರ್ಷಣೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಒಬ್ಬೊಬ್ಬರೂ ತಮ್ಮ ಅರ್ಹತೆಯನ್ನು ತಾವೇ ತೋರಿಸಬೇಕು. ಕ್ರಮವಾದ ವೀಸಾ ಮೇಲೆ ದೇಶ ಪ್ರವೇಶಿಸಿದ್ದಾರೆಯೇ, ಕೊನೆಯ ಸಲ ಬಂದಂದಿನಿಂದ ಪರವಾನಗಿ ತಪ್ಪಿದ ದಿನಗಳೂ ಅನುಮತಿಯಿಲ್ಲದೆ ದುಡಿದ ದಿನಗಳೂ ಕೂಡಿ 180ನ್ನು ಮೀರಿಲ್ಲವೇ ಎಂದು ನೋಡುತ್ತಾರೆ. 180 ದಿನದೊಳಗಿನ ತಪ್ಪನ್ನು ಮನ್ನಿಸುವ ಕಲಮು ಇದೆ. ಇಬಿ-5ರವರಿಗೆ ಅದು ಬಂದದ್ದೂ 2022ರಲ್ಲೇ. ವೈದ್ಯಕೀಯ ಪರೀಕ್ಷೆಯ ವರದಿಯನ್ನು 2024ರ ಡಿಸೆಂಬರ್ 2ರಿಂದ ಅರ್ಜಿಯ ಜೊತೆಯಲ್ಲೇ ಇಡಬೇಕಾಗಿದೆ. ಆಮೇಲೆ ಕಳಿಸುತ್ತೇನೆಂದರೆ ಅರ್ಜಿಯೇ ಹಿಂದಕ್ಕೆ ಬಂದೀತು. ಮದುವೆಗೆ ನೋಂದಣಿ ಪತ್ರ ಬೇಕು, ಛತ್ರದ ಫೋಟೋ ಸಾಲದು. ಜನನ ಪತ್ರವಿಲ್ಲದ ಹಿರಿಯ ತಲೆಗಳಿಗೆ ದಾಖಲೆ ಸಿಗಲಿಲ್ಲವೆಂಬ ಕಚೇರಿಯ ಪತ್ರ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಹುಟ್ಟನ್ನು ಬಲ್ಲ ಬಂಧುಗಳ ಪ್ರಮಾಣಪತ್ರ ಇವು ಬೇಕಾಗುತ್ತವೆ. ಈ ಕೆಲಸಕ್ಕೆ ಊರಿನಲ್ಲಿ ಓಡಾಡಬೇಕಾದವರು ನೀವೇ ಎಂದು ಬೇರೆ ಹೇಳಬೇಕಾಗಿಲ್ಲ.

ಸಂಸಾರವೆಂಬ ಪದಕ್ಕೆ ಆ ಕಾನೂನು ಕೊಡುವ ಅರ್ಥ ನಮ್ಮದಕ್ಕಿಂತ ಬಹಳ ಸಣ್ಣದು. ಗಂಡ ಅಥವಾ ಹೆಂಡತಿ, ಮತ್ತು ಇಪ್ಪತ್ತೊಂದು ತುಂಬದ ಮದುವೆಯಾಗದ ಮಕ್ಕಳು. ಅಷ್ಟೆ. ತಂದೆತಾಯಿ ಇಲ್ಲ, ತಂಗಿ ಇಲ್ಲ. ನೀರಿನಂತೆ ಹಕ್ಕು ಕೆಳಕ್ಕೆ ಹರಿಯುತ್ತದೆ, ಮೇಲಕ್ಕೆ ಹತ್ತುವುದಿಲ್ಲ. ಕೆಲವರು ಅಲ್ಲಿ ಓದುತ್ತಿರುವ ಮಗನ ಹೆಸರಿನಲ್ಲೇ ಹಣ ಹೂಡುವುದುಂಟು. ಅದು ಸಾಧ್ಯ, ಆದರೆ ಕಾರ್ಡು ಆ ಹುಡುಗನಿಗೆ ಮಾತ್ರ, ಹಣ ಕೊಟ್ಟ ತಂದೆತಾಯಿಗೆ ಅಲ್ಲ. ಮತ್ತೊಂದು ಸೂಕ್ಷ್ಮ: ಆ ಹುಡುಗನಿಗೆ ಕಾರ್ಡು ಬರುವ ಮೊದಲೇ ಮದುವೆಯಾಗಿದ್ದರೆ ಹೆಂಡತಿ ಅದೇ ಅರ್ಜಿಯ ನೆರಳಿನಲ್ಲಿ ಬರುತ್ತಾಳೆ, ಕಾರ್ಡು ಬಂದು ಒಂದು ವಾರಕ್ಕೆ ತಾಳಿ ಕಟ್ಟಿದರೂ ಅವಳು ಬೇರೊಂದು ಸಾಲಿನಲ್ಲಿ ನಿಲ್ಲಬೇಕು. ಮಗಳ ವಿಷಯದಲ್ಲಿ ಇದಕ್ಕೆ ತಿರುಗುಮುರುಗು: ತಂದೆಯ ಅರ್ಜಿಯಲ್ಲಿ ಸೇರಿರುವ ಹುಡುಗಿಗೆ ತನ್ನ ಕಾರ್ಡು ಕೈಗೆ ಬರುವ ಮುಂಚೆ ಮದುವೆಯಾದರೆ ಹಕ್ಕು ಕಳೆಯಿತು. ಒಳ್ಳೆಯ ಮುಹೂರ್ತವೆಂದು ಅವಸರಪಡುವ ಅಜ್ಜಿಯರು ಇದನ್ನು ನೆನಪಿಡಬೇಕು.

ಇಪ್ಪತ್ತೊಂದರ ಗಡಿ ಅಷ್ಟು ಕಠಿಣವಾದರೆ ಇಪ್ಪತ್ತು ವರ್ಷ ಎಂಟು ತಿಂಗಳಾದ ಹುಡುಗಿಗೆ ಈ ಹೊತ್ತಿನಲ್ಲಿ ಅರ್ಜಿ ಹಾಕಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ಇದಕ್ಕೆಂದೇ 2002ರಲ್ಲಿ ಮಕ್ಕಳ ಸ್ಥಿತಿ ರಕ್ಷಣೆಯ ಕಾನೂನು ಮಾಡಿದರು. ಅದರ ಲೆಕ್ಕ ಹೀಗೆ: ಮೂಲ ಅರ್ಜಿ ಸರ್ಕಾರದ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತೋ ಅಷ್ಟನ್ನು ಮಗುವಿನ ವಯಸ್ಸಿನಿಂದ ಕಳೆಯಬೇಕು. ತಂದೆಯ ಐ-526ಇ ಹದಿನಾಲ್ಕು ತಿಂಗಳಾದ ಮೇಲೆ ಮಂಜೂರಾಯಿತೆನ್ನಿ. ಆ ದಿನ ಹುಡುಗಿಗೆ ಇಪ್ಪತ್ತೊಂದು ವರ್ಷ ಹತ್ತು ತಿಂಗಳು. ಹದಿನಾಲ್ಕು ತಿಂಗಳು ಕಳೆದರೆ ಮತ್ತೆ ಇಪ್ಪತ್ತು ವರ್ಷ ಎಂಟು ತಿಂಗಳು. ಅವಳು ಕಾನೂನಿನ ಕಣ್ಣಿಗೆ ಇನ್ನೂ ಮಗುವೇ. ಇಲ್ಲಿ ಒಂದು ಮುಳ್ಳಿದೆ. ಕಳೆಯುವುದು ಅರ್ಜಿಯ ಪರಿಶೀಲನೆಯ ಕಾಲವನ್ನು ಮಾತ್ರ, ಸರದಿಗಾಗಿ ಕಾದ ಕಾಲವನ್ನಲ್ಲ. ಮಂಜೂರಾಗುವ ಹೊತ್ತಿಗೆ ವೀಸಾ ತಖ್ತೆಯಲ್ಲಿ ಭಾರತದ ದಿನಾಂಕ ಹಿಂದಕ್ಕೆ ಜಾರಿದ್ದರೆ, ಅಂದಿನಿಂದ ಅವಳ ವಯಸ್ಸು ಎಲ್ಲರಂತೆ ಓಡುತ್ತದೆ. ತಖ್ತೆಯಲ್ಲಿ ಎರಡು ಪಟ್ಟಿಗಳಿರುತ್ತವೆ. 2025ರ ಆಗಸ್ಟ್ 15ರಿಂದ ಹಾಕಿದ ಅರ್ಜಿಗಳಿಗೆ ವಯಸ್ಸಿನ ಲೆಕ್ಕಕ್ಕೆ ಅಂತಿಮ ಕ್ರಮದ ಪಟ್ಟಿಯನ್ನೇ ಹಿಡಿಯುವುದಾಗಿ ವಲಸೆ ಇಲಾಖೆ ಸಾರಿತು. ಇದು ಮಕ್ಕಳಿಗೆ ಹಿಂದಿಗಿಂತ ಬಿಗಿಯಾದ ಪಟ್ಟಿ. ಆದುದರಿಂದಲೇ ಹಳ್ಳಿಗಾಡಿನ ಯೋಜನೆಗಳ ಕಡೆಗೆ ಬೆಳೆದ ಮಕ್ಕಳ ತಂದೆತಾಯಿಗಳ ಒಲವು ಹೆಚ್ಚು. ಅವುಗಳ ಅರ್ಜಿಗಳನ್ನು ಮೊದಲು ನೋಡಬೇಕೆಂದು ಕಾನೂನಿನಲ್ಲಿಯೇ ಇದೆ.

ಇಷ್ಟು ಅಲ್ಲಿನ ಮಾತು. ಇಲ್ಲಿನ ಮಾತು ನಿಮ್ಮ ಕಬ್ಬಿಣದ ಪೆಟ್ಟಿಗೆಯದು. ಹಣ ಇದ್ದರೆ ಸಾಲದು, ಅದು ನ್ಯಾಯವಾಗಿ ಬಂದದ್ದೆಂದು ಮೊದಲ ರೂಪಾಯಿಯಿಂದ ಕೊನೆಯ ಡಾಲರಿನವರೆಗೆ ತೋರಿಸಬೇಕು. ನೀವು ಮಗನಿಗೆ ಕೊಡುವುದು ದಾನ. ದಾನ ಮಾಡಿದ ಹಣವನ್ನು ಹೂಡಬಹುದು. ಆದರೆ ಆಗ ಪರೀಕ್ಷೆ ದಾನಿಯವರೆಗೂ ಬರುತ್ತದೆ. ಏಳು ವರ್ಷದ ಆದಾಯ ತೆರಿಗೆಯ ಲೆಕ್ಕ, ಸೈಟು ಕೊಂಡಾಗಿನ ಕ್ರಯಪತ್ರ, ಅದನ್ನು ಯಾವ ಹಣದಿಂದ ಕೊಂಡಿರಿ ಎಂಬುದಕ್ಕೆ ಸಂಬಳದ ಚೀಟಿಯೋ ಬ್ಯಾಂಕಿನ ಸಾಲದ ಪತ್ರವೋ, ಖಾತೆ, ಋಣಭಾರ ಪತ್ರ, ಮಾರಿದಾಗಿನ ಕ್ರಯಪತ್ರ, ಹಣ ಬಂದ ಬ್ಯಾಂಕ್ ಪುಸ್ತಕ ಇವೆಲ್ಲ ಒಂದಕ್ಕೊಂದು ಕೊಂಡಿ ಬೆಸೆದಂತಿರಬೇಕು. ಪಿತ್ರಾರ್ಜಿತ ಜಮೀನಾದರೆ ಪಾಲುಪಟ್ಟಿ, ಪೌತಿ ಖಾತೆ, ಪಹಣಿ. ಅಕ್ಕತಂಗಿಯರಿಗೆ ಪಾಲಿದ್ದರೆ ಅವರ ಹಕ್ಕುಬಿಡುಗಡೆ ಪತ್ರ. ಪಹಣಿಯೂ ಹಳೆಯ ಪತ್ರಗಳೂ ಕನ್ನಡದಲ್ಲಿರುತ್ತವಷ್ಟೆ. ಕನ್ನಡದ ಒಂದೊಂದು ಹಾಳೆಗೂ ಪೂರ್ತಿ ಇಂಗ್ಲಿಷ್ ತರ್ಜುಮೆ ಬೇಕು. ತನಗೆ ಎರಡು ಭಾಷೆಯೂ ಬರುತ್ತದೆ, ತರ್ಜುಮೆ ಸರಿಯಾಗಿದೆ ಎಂದು ಭಾಷಾಂತರಕಾರ ಸಹಿ ಹಾಕಿರಬೇಕು. ಗುಂಟೆ, ಖರಾಬು, ಹಿಸ್ಸಾ ಎಂಬ ಮಾತುಗಳನ್ನು ಬಲ್ಲವರಿಂದ ಇದನ್ನು ಮಾಡಿಸಿ. ಗುಂಟೆಯನ್ನು ಎಕರೆಯೆಂದು ಬರೆದುಬಿಟ್ಟರೆ ಅಲ್ಲಿಯ ಅಧಿಕಾರಿ ಕೇಳುವ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟ.

ನಮ್ಮಲ್ಲಿ ಜಮೀನು ವ್ಯವಹಾರದಲ್ಲಿ ನಡೆಯುವ ಒಂದು ಪದ್ಧತಿ ನಿಮಗೆ ತಿಳಿಯದ್ದಲ್ಲ: ಪತ್ರದಲ್ಲಿ ಕಾಣಿಸುವುದು ಒಂದು ಬೆಲೆ, ಕೈಗೆ ಬರುವುದು ಇನ್ನೊಂದು. ಪತ್ರದಲ್ಲಿಲ್ಲದ ನೋಟಿನ ಕಟ್ಟು ಈ ಕೆಲಸಕ್ಕೆ ಬಾರದು. ಅದು ಕಾನೂನಿಗೆ ವಿರುದ್ಧವೆಂಬುದು ಒಂದು ಕಡೆ ಇರಲಿ. ಅದಕ್ಕೆ ಹುಟ್ಟಿನ ದಾಖಲೆಯೇ ಇಲ್ಲ. ಕೊಳ್ಳುವವರು ಪೂರ್ತಿ ಬೆಲೆಯನ್ನು ಬ್ಯಾಂಕಿನ ಮೂಲಕವೇ ಕೊಡಲು ಒಪ್ಪದಿದ್ದರೆ ಬೇರೆ ಗಿರಾಕಿಯನ್ನು ನೋಡಿ. ಕೊನೆಗೆ ಸಿಗುವ ಮೊತ್ತ ನೀವು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದಕ್ಕಿಂತ ಕಡಿಮೆಯಾಗಬಹುದು. ಲಾಭದ ಮೇಲೆ ತೆರಿಗೆಯೂ ಉಂಟು. ಹೀಗಾಗಿ ಮಗನಿಗೆ ಫೋನಿನಲ್ಲಿ ಒಮ್ಮೆಗೇ ಸಂಖ್ಯೆ ಹೇಳಬೇಡಿ.

ಹಣ ಸಾಗಿಸುವುದಕ್ಕೂ ಮಿತಿಯಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಲ್ಲಿ ವಾಸವಿರುವ ಒಬ್ಬರು ಏಪ್ರಿಲಿನಿಂದ ಮಾರ್ಚಿನವರೆಗಿನ ಒಂದು ವರ್ಷದಲ್ಲಿ ಹೊರದೇಶಕ್ಕೆ ಕಳಿಸಬಹುದಾದುದು ಎರಡೂವರೆ ಲಕ್ಷ ಡಾಲರು; 2015ರಿಂದ ಇದೇ ಮಿತಿ. ನೀವೂ ನಿಮ್ಮ ಮನೆಯವರೂ ಕಳಿಸಿದರೆ ಐದು ಲಕ್ಷ. ಉಳಿದ ಮೂರು ಲಕ್ಷ ಮಗನ ಉಳಿತಾಯವೋ, ಅಲ್ಲಿನ ಮನೆಯ ಮೇಲೆ ಎತ್ತಿದ ಸಾಲವೋ ಆಗಬೇಕು. ಇಲ್ಲವೆ ಮಾರ್ಚ್ ಕೊನೆಯಲ್ಲೊಮ್ಮೆ ಏಪ್ರಿಲ್ ಮೊದಲಲ್ಲೊಮ್ಮೆ ಕಳಿಸಿದರೆ ಎರಡು ವರ್ಷದ ಮಿತಿಯೂ ಒದಗುತ್ತದೆ. ನೆರೆಹೊರೆಯವರ ಹೆಸರಿನಲ್ಲಿ ತುಂಡು ತುಂಡಾಗಿ ಕಳಿಸುವ ಉಪಾಯ ಹೇಳುವವರಿದ್ದಾರೆ, ಕಿವಿಗೊಡಬೇಡಿ. ದಾನ ಹೂಡಿಕೆಗಳಿಗೆಂದು ಕಳಿಸುವ ಹಣದಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು ನೂರಕ್ಕೆ ಇಪ್ಪತ್ತರಂತೆ ಮುಂಗಡ ತೆರಿಗೆಯನ್ನು ವಸೂಲು ಮಾಡುತ್ತದೆ. ಹತ್ತು ಲಕ್ಷದ ಈ ಗೆರೆ 2025ರ ಏಪ್ರಿಲಿನಿಂದ ಬಂದದ್ದು. ನಿಮ್ಮ ಆದಾಯ ತೆರಿಗೆಯಲ್ಲಿ ಇದು ವಜಾ ಆಗುತ್ತದೆ, ಹೆಚ್ಚಾದುದು ಹಿಂದಕ್ಕೂ ಬರುತ್ತದೆ. ಆದರೆ ಅಲ್ಲಿಯವರೆಗೆ ನಾಲ್ಕು ಕೋಟಿ ಕಳಿಸುವವರು ಸುಮಾರು ಎಂಬತ್ತು ಲಕ್ಷವನ್ನು ಬೇರೆ ಎತ್ತಿಟ್ಟಿರಬೇಕು. ಮಗನೂ ಅಲ್ಲಿನ ತೆರಿಗೆ ಇಲಾಖೆಗೆ, ಹೊರದೇಶದ ದಾನ ಲಕ್ಷ ಡಾಲರು ಮೀರಿತೆಂದು 3520 ಎಂಬ ನಮೂನೆಯಲ್ಲಿ ತಿಳಿಸಬೇಕು. ತೆರಿಗೆ ಬೀಳದು, ತಿಳಿಸದಿದ್ದರೆ ದಂಡ ಬೀಳುತ್ತದೆ.

ಹಣ ಹೋಗಿ ಸೇರುವ ಯೋಜನೆ ಎಂಥದು? ವರ್ಮಾಂಟ್ ರಾಜ್ಯದ ಜೇ ಪೀಕ್ ಎಂಬ ಹಿಮಬೆಟ್ಟದ ವಿಹಾರಧಾಮದ ಕಥೆಯನ್ನು ಕೇಳಿ. ಹಲವು ದೇಶಗಳ ಕುಟುಂಬಗಳು ಅಲ್ಲಿನ ಹೋಟೆಲುಗಳಿಗೂ, ಹತ್ತಿರದ ನ್ಯೂಪೋರ್ಟ್ ಊರಿನ ಒಂದು ಜೈವಿಕ ಸಂಶೋಧನಾ ಕಾರ್ಖಾನೆಗೂ ಇಬಿ-5 ಹಣ ಹೂಡಿದ್ದವು. 2016ರ ಏಪ್ರಿಲಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಮಂಡಲಿ ಮೊಕದ್ದಮೆ ಹೂಡಿ, ಕೂಡಿಸಿದ 35 ಕೋಟಿ ಡಾಲರಿಗೂ ಮಿಕ್ಕ ಹಣದಲ್ಲಿ ಹೊಸಬರದನ್ನು ತೆಗೆದು ಹಳಬರ ಯೋಜನೆಯ ತೂತು ಮುಚ್ಚಲಾಗಿದೆಯೆಂದು ಆಪಾದಿಸಿತು. ಆ ಕಾರ್ಖಾನೆ ಏಳಲೇ ಇಲ್ಲ. 2022ರಲ್ಲಿ ಒಡೆಯನಿಗೆ ಐದು ವರ್ಷದ ಸೆರೆಯಾಯಿತು. ಸೆರೆಯಾದರೇನು, ಎದ್ದು ನಿಲ್ಲದ ಕಾರ್ಖಾನೆ ಹತ್ತು ಮಂದಿಗೆ ಕೆಲಸ ಕೊಡದು, ಕೆಲಸವಿಲ್ಲದೆ ಕಾರ್ಡಿಲ್ಲ. ಬಂಡವಾಳವೂ ಕಾರ್ಡೂ ಒಂದೇ ದೋಣಿಯಲ್ಲಿದ್ದವು.

ಇಂಥವುಗಳ ನಂತರವೇ 2022ರ ಕಾನೂನು ಬಿಗಿಯಾದದ್ದು. ಯೋಜನೆಯ ವಿವರವನ್ನು ಐ-956ಎಫ್ ಎಂಬ ನಮೂನೆಯಲ್ಲಿ ಸರ್ಕಾರಕ್ಕೆ ಮೊದಲು ಸಲ್ಲಿಸಿರಬೇಕು. ಅದರ ರಸೀತಿಯನ್ನು ಕೇಳಿ ನೋಡಿ, ಮಂಜೂರಾಗಿದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಸಭೆ ಕರೆದು ಕಾಫಿ ಕೊಡುವ ದಲ್ಲಾಳಿಗಳು ಸರ್ಕಾರದಲ್ಲಿ ಹೆಸರು ದಾಖಲಿಸಿರಬೇಕು, ತಮಗೆಷ್ಟು ಕಮಿಷನ್ ಎಂದು ಬರವಣಿಗೆಯಲ್ಲಿ ಹೇಳಬೇಕು. ಹೇಳಲು ಹಿಂಜರಿದರೆ ಕಾಫಿ ಮುಗಿಸಿ ಎದ್ದು ಬನ್ನಿ. ಕೇಂದ್ರವೋ ಯೋಜನೆಯೋ ಸರ್ಕಾರದ ಕೆಂಗಣ್ಣಿಗೆ ಗುರಿಯಾದರೆ, ತಪ್ಪಿಲ್ಲದ ಹೂಡಿಕೆದಾರ ಇನ್ನೊಂದಕ್ಕೆ ಸೇರಿಕೊಳ್ಳಲು ಅವಕಾಶವಿದೆ. ಅದರಿಂದ ಸರದಿ ಉಳಿದೀತು, ಹೋದ ಹಣ ಬರುತ್ತದೆಂದಲ್ಲ. ಪ್ರಾದೇಶಿಕ ಕೇಂದ್ರಗಳ ಈ ಏರ್ಪಾಟಿಗೆ ಕಾನೂನು ಕೊಟ್ಟಿರುವ ಆಯುಷ್ಯ 2027ರ ಸೆಪ್ಟೆಂಬರ್ 30ರವರೆಗೆ. ಅದು ಮುಂದುವರಿಯದಿದ್ದರೂ 2026ರ ಸೆಪ್ಟೆಂಬರ್ 30ರೊಳಗೆ ಹಾಕಿದ ಅರ್ಜಿಗಳಿಗೆ ರಕ್ಷಣೆಯಿದೆ. ಹಿಂದೆ 2021ರ ಜೂನ್ ಕೊನೆಯಲ್ಲಿ ಇದು ಹೀಗೆಯೇ ನಿಂತುಹೋಗಿ, ಮತ್ತೆ ಶುರುವಾಗಲು ಮುಂದಿನ ಮಾರ್ಚಿಯವರೆಗೆ ಹಿಡಿದಿತ್ತು.

ಅರ್ಜಿ ಹಾಕಿದ ಮೇಲಿನ ಕಾಲವೂ ಎಚ್ಚರಿಕೆಯದೇ. ಕೆಲಸದ ಅನುಮತಿ ಬಂತೆಂದು ಮಗ ಎಚ್-1ಬಿಯನ್ನು ಕೈಬಿಡಬಹುದು. ನನ್ನನ್ನು ಕೇಳಿದರೆ, ಉಳಿಸಿಕೊಳ್ಳಲು ಸಾಧ್ಯವಿರುವವರೆಗೆ ಬಿಡಬಾರದು. ಮೂಲ ಅರ್ಜಿ ತಿರಸ್ಕೃತವಾದರೆ ಅದನ್ನು ನಂಬಿದ ನಾಲ್ಕೂ ಐ-485ಗಳು ಒಟ್ಟಿಗೆ ಬೀಳುತ್ತವೆ. ಆಗ ಕಾಲಿಡಲು ಹಳೆಯ ಮೆಟ್ಟಿಲೊಂದು ಇರಬೇಕು. ಕೆಲಸ ಹೋದವರಿಗೆ ಎಚ್-1ಬಿಯಲ್ಲಿ ದೊರೆಯುವ ಸಾವಕಾಶ ಹೆಚ್ಚೆಂದರೆ ಅರವತ್ತು ದಿನ. ಐ-485 ಪರಿಶೀಲನೆಯಲ್ಲಿದ್ದರೆ ಆ ಮೇಲೂ ನಿಲ್ಲಬಹುದು ಎಂಬುದು ಈ ಅರ್ಜಿಯ ಒಂದು ಉಪಕಾರ.

ಪ್ರಯಾಣದ ವಿಷಯ ಇನ್ನೂ ನಾಜೂಕು. ಐ-485 ಹಾಕಿದವರು ಮುಂಗಡ ಅನುಮತಿಯಿಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನೇ ಬಿಟ್ಟಂತೆ. ಎಚ್-1ಬಿ, ಎಚ್-4 ಊರ್ಜಿತವಿದ್ದು ಅದೇ ವೀಸಾ ಮೇಲೆ ಮರಳುವವರಿಗೆ ಇದರಿಂದ ವಿನಾಯಿತಿ. ಈಗ ಯೋಚಿಸಿ: ಅಜ್ಜಿಗೆ ಮೈಯಲ್ಲಿ ಚೆನ್ನಾಗಿಲ್ಲವೆಂದು ತಂತಿಯಂಥ ಸುದ್ದಿ ಹೋಗುತ್ತದೆ. ಮಗ ಸೊಸೆ ಅಂದೇ ವಿಮಾನ ಹತ್ತಬಹುದು. ಇಪ್ಪತ್ತೊಂದು ದಾಟಿ ಎಚ್-4 ಕಳೆದುಕೊಂಡಿರುವ ಮೊಮ್ಮಗಳು ಹತ್ತುವಂತಿಲ್ಲ, ಅನುಮತಿಯ ಕಾಗದ ಕೈಯಲ್ಲಿದ್ದ ಹೊರತು. ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಿಯಮ. ಅವಳು ಬರಲಿಲ್ಲವೆಂದು ಬೇಸರಿಸಬೇಡಿ. ಆ ಕಾಗದಕ್ಕೆ ಮೊದಲೇ ಅರ್ಜಿ ಹಾಕಿದ್ದಾರೆಯೇ ಎಂದು ಈಗಲೇ ಕೇಳಿಡಿ.

ಎಲ್ಲವೂ ನೆಟ್ಟಗೆ ನಡೆದು ಕಾರ್ಡು ಬಂದಾಗ ಅದರ ಅವಧಿ ಎರಡೇ ವರ್ಷ. ಇದು ಷರತ್ತಿನ ಖಾಯಂ ವಾಸ. ಎರಡನೆಯ ವರ್ಷ ತುಂಬುವ ಮುಂಚಿನ ತೊಂಬತ್ತು ದಿನಗಳಲ್ಲಿ ಐ-829 ಎಂಬ ನಮೂನೆ ಹಾಕಿ, ಹಣ ಹೂಡಿದ್ದಾಯಿತು, ಹತ್ತು ಕೆಲಸ ಹುಟ್ಟಿದವು ಎಂದು ರುಜುವಾತು ಕೊಟ್ಟು ಷರತ್ತನ್ನು ತೆಗೆಸಿಕೊಳ್ಳಬೇಕು. ಹೆಂಡತಿ ಮಕ್ಕಳನ್ನು ಇದೊಂದೇ ಅರ್ಜಿಯಲ್ಲಿ ಸೇರಿಸಬಹುದು. ತೀರ್ಮಾನ ತಡವಾಗುವುದರಿಂದ ಹಳೆಯ ಕಾರ್ಡಿಗೆ ನಾಲ್ಕು ವರ್ಷದ ವಿಸ್ತರಣೆಯ ರಸೀತಿಯನ್ನು 2023ರಿಂದ ಕೊಡುತ್ತ ಬಂದರು. ಹೂಡಿಕೆದಾರ ನಡುವೆ ತೀರಿಕೊಂಡರೆ ಸಂಸಾರದ ಗತಿಯೇನು ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಷರತ್ತಿನ ಅವಧಿಯಲ್ಲಿ ಹಾಗಾದರೆ ಹೂಡಿಕೆಯ ನಿಬಂಧನೆಗಳು ನೆರವೇರಿದ್ದಲ್ಲಿ ಹೆಂಡತಿಯೂ ಮಕ್ಕಳೂ ಷರತ್ತನ್ನು ತೆಗೆಸಿಕೊಳ್ಳಬಹುದೆಂದು ನಿಯಮದಲ್ಲಿದೆ. ಆದ್ದರಿಂದ ಹೂಡಿಕೆಯ ಕಾಗದಗಳು ಎಲ್ಲಿವೆಯೆಂಬುದು ಸೊಸೆಗೂ ಗೊತ್ತಿರಲಿ.

ಷರತ್ತಿನ ಎರಡು ವರ್ಷವೂ ಸೇರಿ ಐದು ವರ್ಷ ಖಾಯಂ ವಾಸವಾದ ಮೇಲೆ ಮಗ ಆ ದೇಶದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪೌರನಾದ ಕೂಡಲೆ ಭಾರತದ ಪೌರತ್ವ ಹೋಗುತ್ತದೆ, ಒ.ಸಿ.ಐ. ಕಾರ್ಡು ಮಾಡಿಸಿಕೊಳ್ಳಬೇಕು. ಈ ಎಲ್ಲ ವ್ಯವಹಾರದಲ್ಲಿ ನಿಮ್ಮಿಬ್ಬರ ಹೆಸರಿಗೆ ಜಾಗ ಸಿಗುವುದು ಆಗ. ಪೌರನಾದ ಮಗ ತಂದೆತಾಯಿಗಳ ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಆ ವರ್ಗಕ್ಕೆ ವರ್ಷದ ಎಣಿಕೆಯ ಮಿತಿಯಿಲ್ಲ, ದೇಶದ ಸರದಿಯಿಲ್ಲ, ಬಂಡವಾಳವಂತೂ ಬೇಕಾಗಿಯೇ ಇಲ್ಲ.